ಮದಾಂ ಅವರ ಅಕ್ಷರ

ಕೆಲಸ ಕೇಳಲು ಹೋದ ದಿನ ಅಪೊಲಿನ್ ನೋಡಿದ್ದು
ನನ್ನ ಕೈಯನ್ನು, ಮುಖವನ್ನಲ್ಲ.
ಬೆರಳು, ಉಗುರು, ಮಣಿಕಟ್ಟಿನ ತಿರುವು,
ಹಲ್ಲು ಎಣಿಸಿ ಕುದುರೆ ಕೊಳ್ಳುವವರ ಹಾಗೆ.
ಹಳೆಯ ಕಾಗದವೊಂದನ್ನು ಮುಂದಿಟ್ಟು ಕೇಳಿದಳು:
'ಹೀಗೆ ಬರೆಯಬಲ್ಲೆಯಾ?'

ಬರೆದೆ.
ಆರು ವರ್ಷವಾಯಿತು, ಇನ್ನೂ ಬರೆಯುತ್ತಿದ್ದೇನೆ.

ಪ್ಯಾರಿಸ್ಸಿನ ಎಂಟನೇ ವಾರ್ಡು, ಅಂಗಳ ದಾಟಿ ಮೂರನೇ ಮಹಡಿ.
ಕೆಳಗೆ ಬೋರ್ಡಿಲ್ಲ;
ಹೆಸರು ಮಾಡಿಕೊಡುವವರಿಗೆ ಹೆಸರು ಇರಬಾರದು.
ಇಲ್ಲಿ ಯಾರೂ ಏನನ್ನೂ ಮಾರುವುದಿಲ್ಲ,
'ಮಾರಾಟ' ಎಂದರೆ ಅಪೊಲಿನ್‌ಗೆ ಕೆಮ್ಮು ಬರುತ್ತದೆ.
ಒಂದು ಜೊತೆ ಕೈಗವಸಿನ ಗುಟ್ಟನ್ನು
ಮೂರು ತಿಂಗಳು ಕಾವು ಕೊಟ್ಟು ಕಾಯುತ್ತೇವೆ,
ಆಮೇಲೆ ತಕ್ಕ ಕಿವಿ ನೋಡಿ
ಕೈತಪ್ಪಿ ಬಿದ್ದಂತೆ ಬೀಳಿಸುತ್ತೇವೆ.

ಮದಾಂ ಸೊರ್ಲೆ. ನಾಲ್ಕು ತಲೆಮಾರಿನ ಕೈಗವಸಿನ ಮನೆ.
ವಯಸ್ಸು ಎಂಬತ್ತೊಂಬತ್ತು.
ಪ್ರತಿ ಪೆಟ್ಟಿಗೆಯೊಳಗೂ ಅವರದೇ ಕೈಯ ನಾಲ್ಕು ಸಾಲು,
ಸಂಪಾದಕಿಯರಿಗೆ, ನಟಿಯರಿಗೆ, ಕೊಲ್ಲಿಯ ರಾಣಿಯೊಬ್ಬಳ ತಂಗಿಗೆ:
'ಪ್ರಿಯೆ, ಇದನ್ನು ಹೊಲಿಸುವಾಗ
ನಿಮ್ಮ ಬೆರಳುಗಳೇ ಕಣ್ಣ ಮುಂದಿದ್ದವು.'
ನಾನು ಯಾರ ಬೆರಳನ್ನೂ ಕಂಡವಳಲ್ಲ.
ಮದಾಂ ಅವರ ಕೈ ನಡುಗತೊಡಗಿ
ಒಂಬತ್ತು ಚಳಿಗಾಲ ಕಳೆದಿವೆ.
ಅದು ಪ್ರಕಟಣೆಗಲ್ಲ.

ಅವರ ಆರ್‌ಗೆ ಒಂದು ಬಾಲ,
ಮೇಜಿನಿಂದ ಜಾರುವ ಬೆಕ್ಕಿನದು.
ಟಿಯ ಅಡ್ಡಗೆರೆಗೆ ಸದಾ ಅವಸರ,
ಮುಂದಿನ ಪದದ ನೆತ್ತಿಗೆ ಹೋಗಿ ನಿಲ್ಲುತ್ತದೆ.
ಸಹಿಯಲ್ಲಿ ಎಸ್ ಒಂದನ್ನು ಓದಬಹುದು,
ಉಳಿದದ್ದೆಲ್ಲ ಹೊಲಿಗೆ.
ನೀಲಿ ಶಾಯಿಗೆ ಎರಡು ಹನಿ ನೀರು.
ನೂರು ಬರೆದರೆ ಮೂರರಲ್ಲಿ ಬೇಕೆಂದೇ ಒಂದು ಕಾಟು:
ತಪ್ಪಿದ್ದರೆ ತಾನೆ ನಿಜ ಅನ್ನಿಸುವುದು!

ಹೋದ ಬೇಸಿಗೆ ರೂಬೇಯಲ್ಲಿ ಅಮ್ಮ
ನಾನು ಕಳಿಸಿದ್ದ ಹುಟ್ಟುಹಬ್ಬದ ಕಾರ್ಡು ತಂದು ಕೇಳಿದಳು:
'ಇದನ್ನು ಯಾರ ಕೈಲಿ ಬರೆಸಿದೆ, ಲುದಿವಿನ್?'
ಅಂಚೆಯಲ್ಲಿ ಬಟ್ಟೆ ಮಾರುವ ಗೋದಾಮಿನಲ್ಲಿ
ಮೂವತ್ತು ವರ್ಷ ವಿಳಾಸ ಓದಿದವಳು ಅಮ್ಮ.
'ನಾನೇ ಬರೆದೆ.'
'ನಿನ್ನ ಅಕ್ಷರ ಬಟಾಣಿ ಚೆಲ್ಲಿದ ಹಾಗೆ ದುಂಡಗಿತ್ತಲ್ಲೇ.'

ಆ ರಾತ್ರಿ ಅಡುಗೆಮನೆಯಲ್ಲಿ ಕೂತು
ಸಾಮಾನಿನ ಚೀಟಿ ಬರೆದು ನೋಡಿದೆ.
ಹಾಲು. ಬಲ್ಬು. ಬೆಣ್ಣೆ.
ನಮ್ಮ ಮಾತಿನಲ್ಲಿ ಬೆಣ್ಣೆಗೆ ಎರಡು ಆರ್,
ಎರಡಕ್ಕೂ ಬಾಲ ಬಂದಿತ್ತು.
ಬೆಣ್ಣೆ ಹಚ್ಚುವುದೇ ಕಸುಬಾದವಳಿಗೆ
ಬೆಣ್ಣೆ ಎಂದು ಬರೆಯಲು ಬರಲಿಲ್ಲ.
ಹಣೆಬರಹ ಒರೆಸಿದರೂ ಹೋಗದಂತೆ.
ಕೈಬರಹ
ಹೇಳದೆ ಕೇಳದೆ ಹೊರಟುಹೋಗಿತ್ತು.

ನವೆಂಬರಿನ ಒಂದು ಮಂಗಳವಾರ ನನ್ನ ಮೇಜಿನ ಮೇಲೆ ಲಕೋಟೆ.
ಅರಗಿನ ಮುದ್ರೆಯಿಲ್ಲ, ಅತ್ತರಿಲ್ಲ,
ಶಾಲೆಯ ಮಕ್ಕಳ ಗೆರೆ ಹಾಕಿದ ಹಾಳೆ.
ಓದುವ ಮೊದಲೇ ತಿದ್ದತೊಡಗಿದೆ:
ಆರ್‌ನ ಬಾಲ ಮುರಿದಿದೆ,
ಟಿಯ ಗೆರೆ ಟಿಯನ್ನೇ ಮುಟ್ಟಿಲ್ಲ,
ಸಾಲು ಇಳಿಜಾರಿನಲ್ಲಿ ಕೈಬಿಟ್ಟ ಗಾಡಿ.
ಯಾರೋ ಹೊಸಬಳು, ಎರಡು ವಾರವೂ ಕಲಿತಿಲ್ಲ,
ನನ್ನ ಜಾಗಕ್ಕೆ ತಯಾರು ಮಾಡುತ್ತಿದ್ದಾರೆ.
ಎದೆ ಧಸಕ್ಕೆಂದಿತು. ಕೆಂಪು ಪೆನ್ಸಿಲ್ ಎತ್ತಿಕೊಂಡೆ.
ಆಮೇಲೆ ಓದಿದೆ.

'ಕುಮಾರಿಯವರೇ,
ಗೆಳತಿ ಇರೆನ್‌ಳ ಗಂಡ ತೀರಿಕೊಂಡಾಗ
ನಾನು ಬರೆದ ಕಾಗದವನ್ನು ಅವಳು ನನಗೇ ಓದಿ ತೋರಿಸಿದಳು.
ನಾನು ಬರೆದಿರಲಿಲ್ಲ. ಬರೆಯಬೇಕಿತ್ತು.
ಬರೆದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ,
ಅವಳು ಅಷ್ಟು ಅಳುತ್ತಲೂ ಇರಲಿಲ್ಲ.
ನಿಮ್ಮ ಮೇಲೆ ಸಿಟ್ಟಿದೆಯೋ ಇಲ್ಲವೋ ತಿಳಿಯುತ್ತಿಲ್ಲ.
ನಿಮ್ಮ ಕೈಯ ಅಳತೆ ಕಳಿಸಿ.'

ಬಾಗಿಲಲ್ಲಿ ಅಪೊಲಿನ್: ಗುರುವಾರದೊಳಗೆ ಇನ್ನೂರ ನಲವತ್ತು.
'ಆಗಲಿ' ಎಂದೆ.

ಉತ್ತರಕ್ಕೆ ಹಾಳೆ ತೆಗೆದವಳು
ಮೊದಲ ಅಕ್ಷರಕ್ಕೇ ನಿಂತೆ,
ಅವರ ಕೈಯಲ್ಲೇ ಅವರಿಗೆ ಬರೆಯುವುದು ಹೇಗೆ?
ಬಲಗೈಯನ್ನು ಹಾಳೆಯ ಮೇಲೆ ಅಗಲಿಸಿಟ್ಟು
ಎಡಗೈಗೆ ಆ ಕೆಂಪು ಪೆನ್ಸಿಲ್ ಕೊಟ್ಟೆ.
ಕಿರುಬೆರಳಿನಿಂದ ಶುರು, ಒಂದೊಂದೇ ಸಂದು ಇಳಿದು ಹತ್ತಿ
ಹೆಬ್ಬೆರಳ ಬುಡಕ್ಕೆ ಬಂದಾಗ
ಪೆನ್ಸಿಲ್ ಜಾರಿತು.
ಹಾಗೇ ಬಿಟ್ಟೆ.